ಹಿತ್ತಲ ಟೊಮೆಟೊ ನೆಲ್ಲಿಕಾಯಿ ಗಾತ್ರ ದಾಟುತ್ತಿಲ್ಲ, ಮಣ್ಣಿಗೆ ಏನು ಮಾಡಲಿ?

ಹಿತ್ತಲಗಿಡ, ತುಮಕೂರು (ಜನವರಿ 11)

ಎಲ್ಲರಿಗೂ ನಮಸ್ಕಾರ. ಎರಡು ಸಲ ಸೋತ ಮೇಲೆ ಕೇಳುತ್ತಿದ್ದೇನೆ.

ತುಮಕೂರಿನ ಹೊರಗೆ ಒಂದು ಹೊಸ ಬಡಾವಣೆಯಲ್ಲಿ ನಮ್ಮದು 30–40 ಸೈಟು. ಗೃಹಪ್ರವೇಶ ಆಗಿ ಎರಡು ವರ್ಷ ಆಗುತ್ತಾ ಬಂತು. ಹಿಂದೆ 10 ಅಡಿ ಅಗಲ, 18 ಅಡಿ ಉದ್ದದ ಜಾಗ ಬಿಟ್ಟಿದ್ದೇವೆ. ನಮ್ಮ ಯಜಮಾನರು ಅಲ್ಲಿಗೂ ಟೈಲ್ಸ್ ಹಾಕಿಸಿಬಿಡೋಣ ಅಂದಿದ್ದರು. ನಾನೇ ಹಟ ಹಿಡಿದು ಮಣ್ಣು ಉಳಿಸಿಕೊಂಡೆ. ಈಗ ಆ ಹಟದ ಮರ್ಯಾದೆ ಉಳಿಸಬೇಕಾಗಿದೆ.

ಮೊದಲ ಸಲ ಜೂನ್‌ನಲ್ಲಿ 12 ಸಸಿ ನೆಟ್ಟೆ. ನರ್ಸರಿಯಿಂದ ತಂದದ್ದು, ಯಾವ ತಳಿ ಅಂತ ಕೇಳಲಿಲ್ಲ. ಎರಡನೇ ಸಲ ಅಕ್ಟೋಬರ್‌ನಲ್ಲಿ 10. ಎರಡು ಸಲವೂ ಒಂದೇ ಕಥೆ. ಹದಿನೈದು ದಿನ ಚೆನ್ನಾಗಿರುತ್ತವೆ. ಆಮೇಲೆ ತುದಿಯ ಹೊಸ ಎಲೆಗಳು ಹಳದಿಗೆ ತಿರುಗುತ್ತವೆ. ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಗೀಚಿದ ಹಾಗೆ ಕಾಣುತ್ತದೆ. ಗಿಡ ಮೊಣಕಾಲೆತ್ತರಕ್ಕೆ ನಿಂತುಬಿಡುತ್ತದೆ. ಕಾಯಿ ನೆಲ್ಲಿಕಾಯಿಯಷ್ಟು. ಅದರಲ್ಲೂ ಅರ್ಧಕ್ಕೆ ತಳ ಕಪ್ಪಾಗಿ ಒಳಗೆ ಕುಸಿದಿರುತ್ತದೆ. 22 ಗಿಡದಿಂದ ಅಡುಗೆಮನೆಗೆ ಬಂದದ್ದು ಒಟ್ಟು ಒಂದೂವರೆ ಕಿಲೋ. ನನಗೆ ಬೇಜಾರಾಗಬಾರದು ಅಂತ ಅತ್ತೆ ಅದರಲ್ಲೇ ಗೊಜ್ಜು ಮಾಡಿದರು.

ನಾನು ಇಲ್ಲಿಯವರೆಗೆ ಹಾಕಿದ್ದು: ಎದುರು ಮನೆಯವರ ಹಸುವಿನ ಸಗಣಿ ನಾಲ್ಕು ಮಂಕರಿ, ಹಸಿಯದ್ದೇ. ವರ್ಷಪೂರ್ತಿ ಕೂಡಿಟ್ಟ ಮೊಟ್ಟೆ ಸಿಪ್ಪೆ. ಹಂಡೆ ಒಲೆಯ ಬೂದಿ, ವಾರಕ್ಕೊಂದು ಡಬ್ಬ. ಕಾಯಿಯ ತಳ ಕಪ್ಪಾದರೆ ಕ್ಯಾಲ್ಸಿಯಂ ಕಡಿಮೆ ಅಂತ ಒಂದು ವಿಡಿಯೋದಲ್ಲಿ ನೋಡಿ, ಎಲೆ ಅಡಿಕೆಯ ಸುಣ್ಣ ಕದಡಿ ಎರಡು ಸಲ ಬುಡಕ್ಕೆ ಹೊಯ್ದೆ. ಸುಮ್ನೆ ಕೂತಿಲ್ಲ ಅಂತ ಹೇಳಲು ಇಷ್ಟೆಲ್ಲ ಬರೆದೆ.

ಮಣ್ಣು ನೋಡಲು ಕೆಂಪು. ಮಳೆ ಬಂದರೆ ಅರ್ಧ ದಿನ ನೀರು ನಿಲ್ಲುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಗಾರೆ ನೆಲದ ಹಾಗೆ ಗಟ್ಟಿ. ಕಳೆ ಕೀಳಲು ಹೋದರೆ ಬೇರು ಬರುವುದಿಲ್ಲ, ಕೈಗೆ ಬರೀ ಸೊಪ್ಪು. ಮೂಲೆಯಲ್ಲಿ ನೆಟ್ಟ ನುಗ್ಗೆ ಮಾತ್ರ ಜೋರಾಗಿದೆ. ಕರಿಬೇವು ಅದೇ ಟೊಮೆಟೊ ಥರ ಹಳದಿ.

ಇನ್ನೇನು ಗೊಬ್ಬರ ಹಾಕಬೇಕು, ಹೇಳಿ.

ತಾರಸಿ ತೋಟ, ಬೆಂಗಳೂರು (ಜನವರಿ 11)

ಮೇಡಂ, ನನ್ನ ಮಾತು ಕೇಳಿ, ಆ ಮಣ್ಣಿನ ಸಹವಾಸ ಬಿಡಿ. 15 ಇಂಚಿನ ಗ್ರೋ ಬ್ಯಾಗ್ ತನ್ನಿ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮ ಸಮ. ಒಂದೊಂದಕ್ಕೆ ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಎರಡು ಸಲ ನೀರಲ್ಲಿ ನೆನೆಸಿ ಹಿಂಡಿಯೇ ಬಳಸಿ, ಉಪ್ಪಿರುತ್ತದೆ. ಮೂರು ತಿಂಗಳಲ್ಲಿ ಹಣ್ಣು ತಿನ್ನಬಹುದು. ನಾನು ಆರು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಹಿತ್ತಲಗಿಡ (ಜನವರಿ 12)

ಥ್ಯಾಂಕ್ಸ್. ಅದು ಸುಲಭ ಅಂತ ನನಗೂ ಗೊತ್ತು. ಆದರೆ ಟೈಲ್ಸ್ ಬೇಡ ಅಂತ ಜಗಳ ಆಡಿ ಉಳಿಸಿಕೊಂಡ ನೆಲದ ಮೇಲೆ ಚೀಲ ಜೋಡಿಸಿದರೆ ಯಜಮಾನರು ಜೀವಮಾನ ಪೂರ್ತಿ ಆಡಿಕೊಳ್ಳುತ್ತಾರೆ. ನೆಲದಲ್ಲೇ ಆಗಬೇಕು.

ಚಿಂತಾಮಣಿ ಹೊಲ (ಜನವರಿ 12)

ಅಕ್ಕಾ, ಇನ್ನೇನು ಹಾಕಬೇಕು ಅಂತ ಕೇಳಿದ್ದೀರಿ. ಏನೂ ಹಾಕಬೇಡಿ. ಬೂದಿ, ಸುಣ್ಣ, ಮೊಟ್ಟೆ ಸಿಪ್ಪೆ ಮೂರನ್ನೂ ಇವತ್ತೇ ನಿಲ್ಲಿಸಿ.

ನಾನು ಮನೆ ತೋಟದವನಲ್ಲ, ಹೊಲದವನು. ಚಿಂತಾಮಣಿ ಹತ್ತಿರ ಮೂರು ಎಕರೆ, ಅದರಲ್ಲಿ ಒಂದು ಎಕರೆ ಯಾವಾಗಲೂ ಟೊಮೆಟೊ. ನಿಮ್ಮ ಬರಹದಲ್ಲಿ ನನಗೆ ಮೂರು ವಿಷಯ ಕಂಡಿತು.

ಒಂದು, ಹೊಸ ಎಲೆ ಹಳದಿ, ನರ ಹಸಿರು. ಅದು ಕಬ್ಬಿಣದ ಕೊರತೆಯ ಗುರುತು. ಸಾರಜನಕ ಸಾಲದಿದ್ದರೆ ಮೊದಲು ಕೆಳಗಿನ ಹಳೇ ಎಲೆ ಹಳದಿ ಆಗುತ್ತದೆ. ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಮಣ್ಣಿನಲ್ಲಿ ಕಬ್ಬಿಣ ಇದೆ, ಗಿಡಕ್ಕೆ ಸಿಗುತ್ತಿಲ್ಲ. ಮಣ್ಣಿನಲ್ಲಿ ಸುಣ್ಣದ ಗುಣ ಜಾಸ್ತಿಯಾದಾಗ ಹಾಗಾಗುತ್ತದೆ. ನಮ್ಮ ಕಡೆ ಕೆಂಪು ಮಣ್ಣು ಸಹಜವಾಗಿ ಸ್ವಲ್ಪ ಹುಳಿ. ಅದರಲ್ಲಿ ಸುಣ್ಣ ಎಲ್ಲಿಂದ ಬಂತು? ಹೊಸ ಮನೆ ಅಂದಿರಿ. ಸಿಮೆಂಟಿನಿಂದ ಅಂತ ನನ್ನ ಅನುಮಾನ.

ಎರಡು, ನೀರು ನಿಲ್ಲುವುದು. ಕೆಂಪು ಮಣ್ಣಿನಲ್ಲಿ ಅರ್ಧ ದಿನ ನೀರು ನಿಂತಿದೆ ಅಂದರೆ ಕೆಳಗೆ ಏನೋ ಅಡ್ಡ ಇದೆ.

ಮೂರು, ತಳ ಕೊಳೆತ ಕಾಯಿ. ಅದು ಕ್ಯಾಲ್ಸಿಯಂ ತೊಂದರೆ ಅನ್ನುವುದು ನಿಜ. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಅಂತ ಅರ್ಥ ಅಲ್ಲ. ಅದು ನೀರಿನ ಜೊತೆ ಬೇರಿನಿಂದ ಕಾಯಿಗೆ ಹೋಗಬೇಕು. ಒಂದು ದಿನ ಕೆಸರು, ಎರಡು ದಿನ ಕಲ್ಲಿನಂತೆ ಒಣಗಿದರೆ ಆ ಹರಿವು ಕಡಿಯುತ್ತದೆ. ಮೊದಲು ಎಲೆ ಕುಡಿಯುತ್ತದೆ, ಕಾಯಿಯ ತುದಿಗೆ ಉಳಿಯುವುದಿಲ್ಲ. ನೀವು ಇನ್ನೂ ಸುಣ್ಣ ಹಾಕಿ ಕಬ್ಬಿಣದ ಬಾಗಿಲಿಗೆ ಇನ್ನೊಂದು ಬೀಗ ಜಡಿದಿರಿ.

ಈ ಭಾನುವಾರ ಎರಡು ಕೆಲಸ ಮಾಡಿ. ಹಾರೆ, ಗುದ್ದಲಿ ಹಿಡಿದು ಒಂದೂವರೆ ಅಡಿ ಗುಂಡಿ ತೋಡಿ, ಗೋಡೆ ಹತ್ತಿರ ಒಂದು, ನಡುವೆ ಒಂದು. ಏನೇನು ಸಿಕ್ಕಿತು ಬರೆಯಿರಿ. ಗುಂಡಿಗೆ ನೀರು ತುಂಬಿಸಿ, ಇಂಗಲು ಎಷ್ಟು ಹೊತ್ತು ಬೇಕು ನೋಡಿ. ಆಮೇಲೆ ಬೇರೆ ಬೇರೆ ಆಳದ ಒಣ ಮಣ್ಣಿನ ಮೇಲೆ ನಿಂಬೆಹಣ್ಣು ಹಿಂಡಿ. ಬುಸ್ ಅಂತ ನೊರೆ ಬಂದರೆ ಸುಣ್ಣ ಇದೆ.

ಹಸಿ ಸಗಣಿಯ ಬಗ್ಗೆ ಬೈಯಬೇಕು ಅಂದುಕೊಂಡೆ, ಆಮೇಲೆ ಬೈತೀನಿ.

ಹಿತ್ತಲಗಿಡ (ಜನವರಿ 19)

ಅಣ್ಣಾ, ನಿಮಗೆ ಹೇಗೆ ಗೊತ್ತಾಯಿತು!

ನಡುವಿನ ಗುಂಡಿಯಲ್ಲಿ ಮೇಲಿನ ನಾಲ್ಕೈದು ಇಂಚು ಮಾತ್ರ ಕೆಂಪು ಮಣ್ಣು. ಗೃಹಪ್ರವೇಶಕ್ಕೆ ಚೆನ್ನಾಗಿ ಕಾಣಲಿ ಅಂತ ಮೇಸ್ತ್ರಿ ಒಂದು ಟ್ರ್ಯಾಕ್ಟರ್ ಮಣ್ಣು ಹೊಡೆಸಿದ್ದರು, ಅದು. ಅದರ ಕೆಳಗೆ ಬೂದು ಬಣ್ಣದ ಹಲ್ಲೆ, ಅಂದರೆ ಗಟ್ಟಿ ಪದರ, ಎರಡು ಇಂಚು ದಪ್ಪ, ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಪ್ಲಾಸ್ಟರಿಂಗ್ ಮಾಡುವಾಗ ಗಾರೆ ಕಲಸಿದ ಜಾಗ. ಮಿಕ್ಕಿದ ಗಾರೆ, ಬಾಂಡ್ಲಿ ತೊಳೆದ ನೀರು, ಎಂ ಸ್ಯಾಂಡ್ ಪುಡಿ ಎಲ್ಲ ಅಲ್ಲೇ ಗಟ್ಟಿಯಾಗಿದೆ. ಅದರ ಕೆಳಗೆ ಇಟ್ಟಿಗೆ ಚೂರು, ಟೈಲ್ಸ್ ತುಂಡು, ಜಲ್ಲಿ, ಎರಡು ಗುಟ್ಕಾ ಪೊಟ್ಟಣ, ಒಂದು ಒಳ್ಳೇ ಕರಣಿ. ಕರಣಿ ತೊಳೆದು ಇಟ್ಟುಕೊಂಡಿದ್ದೇನೆ, ಸಸಿ ನೆಡಲು ಆಗುತ್ತದೆ. ಒಂದೂವರೆ ಅಡಿಗೆ ಹೋದ ಮೇಲೆ ನಿಜವಾದ ಹಳೇ ಮಣ್ಣು ಸಿಕ್ಕಿತು. ಕಡು ಕೆಂಪು, ಕೈಯಲ್ಲಿ ಉದುರುತ್ತದೆ.

ನೀರು ಹಾಕಿದೆ. ಹಲ್ಲೆ ಒಡೆಯುವ ಮುಂಚೆ ತೋಡಿದ ಅರ್ಧ ಗುಂಡಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಹಾಕಿದ ನೀರು ಮಧ್ಯಾಹ್ನ ಊಟದ ಹೊತ್ತಿಗೂ ಇತ್ತು. ಒಡೆದ ಮೇಲೆ 40 ನಿಮಿಷದಲ್ಲಿ ಇಂಗಿತು.

ನಿಂಬೆಹಣ್ಣು: ಬೂದು ಹಲ್ಲೆಯ ಪುಡಿ ಸೋಡಾ ಥರ ನೊರೆ ಎದ್ದಿತು. ಮೇಲಿನ ಮಣ್ಣಿನಲ್ಲೂ ಸ್ವಲ್ಪ ಸದ್ದು ಬಂತು, ಅದು ನನ್ನ ಸುಣ್ಣ, ಬೂದಿಯ ಪುಣ್ಯ ಇರಬೇಕು. ಕೆಳಗಿನ ಹಳೇ ಮಣ್ಣಿನಲ್ಲಿ ಏನೂ ಇಲ್ಲ. "ಮಣ್ಣಿಗೆ ಯಾಕೆ ನಿಂಬೆಹಣ್ಣು ಹಿಂಡ್ತಿದೀಯ, ದೃಷ್ಟಿ ತೆಗೀತಿದೀಯಾ?" ಅಂತ ಅತ್ತೆ ಕೇಳಿದರು.

ಇನ್ನೊಂದು. ಮೇಲಿನ ಮಣ್ಣಿನಲ್ಲಿ ಬಿಳೀ ದಪ್ಪ ಹುಳ, ಬಗ್ಗಿಕೊಂಡು ಮಲಗಿದ್ದವು. ಏಳು ಸಿಕ್ಕವು.

ಚಿಂತಾಮಣಿ ಹೊಲ (ಜನವರಿ 19)

ಅದು ಗೊಣ್ಣೆ ಹುಳ. ಹಸಿ ಸಗಣಿ ಅಂದರೆ ದುಂಬಿಗಳಿಗೆ ಹೆರಿಗೆಮನೆ. ಬೇರು ಕಡಿಯುತ್ತವೆ. ಕೋಳಿ ಇದ್ದರೆ ಬಿಡಿ, ಇಲ್ಲದಿದ್ದರೆ ಆರಿಸಿ ಕಾಗೆಗೆ ಹಾಕಿ. ಇದೇ ನಾನು ಬೈಬೇಕು ಅಂದುಕೊಂಡದ್ದು. ಸಗಣಿ ತಿಪ್ಪೆಯಲ್ಲಿ ಕಡಿಮೆ ಅಂದರೂ ನಾಲ್ಕೈದು ತಿಂಗಳು ಕೊಳೆಯಬೇಕು. ಹಿಡಿದರೆ ಬಿಸಿ ಇರಬಾರದು, ಮೂಸಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಸಗಣಿ ವಾಸನೆ ಅಲ್ಲ.

ಹಲ್ಲೆ ಪೂರ್ತಿ ಎತ್ತಿಸಿ. ಅದಕ್ಕೆ ಬೇರೆ ಮದ್ದು ಇಲ್ಲ.

ಮಣ್ಣು ಮಾದರಿ, ಮಂಡ್ಯ (ಜನವರಿ 20)

ನಾನು ಕೃಷಿ ಇಲಾಖೆಯಲ್ಲಿ 30 ವರ್ಷ ಇದ್ದು ನಿವೃತ್ತನಾದವನು. ಚಿಂತಾಮಣಿಯವರು ಹೇಳಿದ್ದು ಸರಿ. ಅದರ ಜೊತೆ ಒಂದು ಮಣ್ಣು ಪರೀಕ್ಷೆ ಮಾಡಿಸಿಬಿಡಮ್ಮ. ನಿಮಗೆ ಹಿರೇಹಳ್ಳಿ ಹತ್ತಿರವೇ ಇದೆ, ಐಐಎಚ್‌ಆರ್‌ನವರ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಕೃಷಿ ವಿಜ್ಞಾನ ಕೇಂದ್ರ. ಸಿದ್ದು ಹಲಸಿನ ತಳಿಯನ್ನು ನಾಡಿಗೆಲ್ಲ ಪರಿಚಯಿಸಿದ ಹಿರೇಹಳ್ಳಿಯೇ ಅದು. ಅಲ್ಲಿ ವಿಚಾರಿಸಿ.

ಮಾದರಿ ತೆಗೆಯುವುದರಲ್ಲೇ ಹೆಚ್ಚು ಜನ ತಪ್ಪುತ್ತಾರೆ. ಒಂದೇ ಕಡೆಯಿಂದ ಒಂದು ಹಿಡಿ ತಂದು ಕೊಡುತ್ತಾರೆ. ಹಾಗಲ್ಲ. ಮೇಲಿನ ಕಸ ಸರಿಸಿ, ಐದಾರು ಕಡೆ ವಿ ಆಕಾರದಲ್ಲಿ ಆರು ಇಂಚು ಆಳ ತೋಡಿ, ಗುಂಡಿಯ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಇಂಚು ದಪ್ಪದ ಪದರ ಕೆರೆದು ತೆಗೆಯಿರಿ. ಎಲ್ಲ ಬೆರೆಸಿ, ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ. ನೆರಳಿನಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕೊಡಿ. ಕಬ್ಬಿಣ, ಸತುವು ಪರೀಕ್ಷೆ ಮಾಡಿಸುವುದಿದ್ದರೆ ತುಕ್ಕು ಹಿಡಿದ ಸಲಿಕೆ ಬೇಡ, ಮರದ್ದೋ ಪ್ಲಾಸ್ಟಿಕ್‌ದೋ ಇರಲಿ. ಗೊಬ್ಬರ ಹಾಕಿದ ಮೇಲೆ ಕೊಡಬೇಡಿ, ಮುಂಚೆ ಕೊಡಿ.

ಹಲ್ಲೆ ಎತ್ತಿಸಿದ ಮೇಲೆ ಉಳಿದ ಮಣ್ಣಿನ ಮಾದರಿಯನ್ನೇ ಕೊಡಿ. ಎಸೆಯುವ ಮಣ್ಣಿನ ಜಾತಕ ನಮಗೆ ಬೇಡ.

ಹಿತ್ತಲಗಿಡ (ಮಾರ್ಚ್ 2)

ತಡವಾಯಿತು, ಮಗಳ ಪರೀಕ್ಷೆ ಇತ್ತು.

ಇಬ್ಬರು ಆಳು, ಒಂದೂವರೆ ದಿನ. ಎಷ್ಟು ಕೊಟ್ಟೆ ಅಂತ ಬರೆಯುವುದಿಲ್ಲ, ಯಜಮಾನರೂ ಇದನ್ನು ಓದುತ್ತಾರೆ. ಒಂದು ಚಿಕ್ಕ ಗೂಡ್ಸ್ ಗಾಡಿ ತುಂಬ ಗಾರೆ ಹಲ್ಲೆ, ಇಟ್ಟಿಗೆ, ಜಲ್ಲಿ ಹೋಯಿತು. ಆದರೆ ಪೂರ್ತಿ ಎತ್ತಿಸಲಾಗಲಿಲ್ಲ. ಗೋಡೆ ಕಡೆಯ ಮೂರು ಅಡಿ ಬಿಟ್ಟೆವು. ಅಲ್ಲಿ ಪೈಪ್ ಹೋಗಿದೆ, ಹಾರೆ ಹಾಕಲು ಹೆದರಿಕೆ. ಹಾಗಾಗಿ 7 ಅಡಿ ಅಗಲ ಮಾತ್ರ ತೋಡಿದ್ದು.

ಪರೀಕ್ಷೆಯ ಚೀಟಿ ಬಂತು. ಮಣ್ಣು ಹುಳಿಯೋ ಸುಣ್ಣದ ಗುಣದ್ದೋ ಅಂತ ಹೇಳುವ ಪಿಎಚ್ 8.3. ಸಾವಯವ ಇಂಗಾಲ ಶೇಕಡಾ 0.31. ಸಾರಜನಕ ಕಡಿಮೆ, ರಂಜಕ ಮಧ್ಯಮ, ಪೊಟ್ಯಾಷ್ ಹೆಚ್ಚು. ಕಬ್ಬಿಣ, ಸತುವು ಎರಡೂ ಕಡಿಮೆ. ಹಲ್ಲೆ ತೆಗೆಸಿದ ಮೇಲೂ 8.3 ಯಾಕೆ ಸಾರ್?

ಮಣ್ಣು ಮಾದರಿ, ಮಂಡ್ಯ (ಮಾರ್ಚ್ 3)

ದೊಡ್ಡ ತುಂಡು ಹೋಗಿದೆ, ಪುಡಿ ಮಣ್ಣಿನಲ್ಲೇ ಇದೆ. ಟೊಮೆಟೊಗೆ ಪಿಎಚ್ 6ರಿಂದ 7ರೊಳಗೆ ಇದ್ದರೆ ಚೆನ್ನ. 7.5ರವರೆಗೂ ಹೇಗೋ ಸಾಗುತ್ತದೆ. 8.3ರಲ್ಲಿ ಕಬ್ಬಿಣ, ಸತುವು, ಮ್ಯಾಂಗನೀಸ್ ಎಲ್ಲ ಬಿಗಿಯಾಗಿ ಕೂರುತ್ತವೆ. ಪೊಟ್ಯಾಷ್ ಹೆಚ್ಚು ಬಂದದ್ದಕ್ಕೆ ನಿಮ್ಮ ಒಲೆಯ ಬೂದಿಯೂ ಕಾರಣ.

ಸಾವಯವ ಇಂಗಾಲ 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತೇವೆ, 0.75 ದಾಟಿದರೆ ಒಳ್ಳೆಯದು. ನಿಮ್ಮದು 0.31. ಪಿಎಚ್, ಇಂಗಾಲ ಈ ಎರಡು ಅಂಕಿಗಳಲ್ಲೇ ನಿಮ್ಮ ಕೆಲಸ ಇರುವುದು. ಉಳಿದ ಕಾಲಂ ಸದ್ಯಕ್ಕೆ ಮರೆತುಬಿಡಿ.

ಯಾರಾದರೂ ಗಂಧಕದ ಪುಡಿ ಹಾಕಿ ಅಂತ ಹೇಳುತ್ತಾರೆ. ಗಂಧಕ ಪಿಎಚ್ ಇಳಿಸುವುದು ನಿಜ. ಆದರೆ ಸಿಮೆಂಟಿನ ಪುಡಿ ಇರುವವರೆಗೆ ಗಂಧಕದ ಹುಳಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಮೊದಲು ಜರಡಿ ಹಿಡಿದು ಎಷ್ಟು ಸಾಧ್ಯವೋ ಅಷ್ಟು ಬೂದು ಚೂರು ತೆಗೆಯಿರಿ. ಆಮೇಲೆ ಸಾವಯವ ಪದಾರ್ಥ ತುಂಬಿ. ಕೊಳೆಯುವಾಗ ಅದೇ ಸ್ವಲ್ಪ ಸ್ವಲ್ಪ ಹುಳಿ ಬಿಡುತ್ತದೆ, ಕಬ್ಬಿಣವನ್ನು ಬೇರಿಗೆ ಸಿಗುವ ಹಾಗೆ ಹಿಡಿದುಕೊಳ್ಳುತ್ತದೆ. ಒಂದು ವರ್ಷದಲ್ಲಿ 8.3 ಹೋಗಿ 6.5 ಆಗುವುದಿಲ್ಲ. 7.7 ಆದರೂ ಗಿಡಕ್ಕೆ ಗೊತ್ತಾಗುತ್ತದೆ.

ನೀರು ಯಾವುದು? ಬೋರ್‌ವೆಲ್ ಗಡಸು ನೀರಾದರೆ ಅದೂ ಪ್ರತಿದಿನ ಸ್ವಲ್ಪ ಸುಣ್ಣ ಹಾಕುತ್ತದೆ. ಮಳೆ ನೀರು ಹಿಡಿದಿಡಲು ಒಂದು ಡ್ರಮ್ ಇಟ್ಟರೂ ಲಾಭ.

ಪುತ್ತೂರಿನವಳು (ಮಾರ್ಚ್ 3)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದನ್ನು ಓದಿ ಹೆದರಿಕೆ ಆಯಿತು. ನಮ್ಮ ತೋಟದಲ್ಲಿ ವರ್ಷಾ ವರ್ಷ ಸುಣ್ಣ ಹಾಕುತ್ತೇವೆ. ನಿಲ್ಲಿಸಬೇಕಾ?

ಮಣ್ಣು ಮಾದರಿ, ಮಂಡ್ಯ (ಮಾರ್ಚ್ 3)

ಬೇಡ ಬೇಡ, ಖಂಡಿತ ನಿಲ್ಲಿಸಬೇಡಿ! ನಿಮ್ಮದು ಜಂಬಿಟ್ಟಿಗೆ ಮಣ್ಣು. ಅಷ್ಟು ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಲ್ಲಿ ಸುಣ್ಣ ಮದ್ದು, ತುಮಕೂರಿನ ಈ ಹಿತ್ತಲಲ್ಲಿ ಅದೇ ವಿಷ. ನಿಮ್ಮ ಕಡೆ ಟೊಮೆಟೊಗೆ ದೊಡ್ಡ ಶತ್ರು ಸೊರಗು ರೋಗ. ಹಸಿರಾಗಿದ್ದ ಗಿಡ ಎರಡೇ ದಿನದಲ್ಲಿ ಬಾಡಿದರೆ ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ. ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಆ ಮಣ್ಣಿನಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಗಿಡ ಇಡಬೇಡಿ.

ಚಿಂತಾಮಣಿ ಹೊಲ (ಮಾರ್ಚ್ 4)

ಈ ಮಾತು ನಾನು ದುಡ್ಡು ಕೊಟ್ಟು ಕಲಿತದ್ದು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆಗ ನಮಗೆಲ್ಲ ಹುಚ್ಚು ಹಿಡಿಯಿತು. ಟೊಮೆಟೊ ಕಿತ್ತ ಹೊಲಕ್ಕೇ ಮತ್ತೆ ಟೊಮೆಟೊ. ನನ್ನ ಅರ್ಧ ಎಕರೆ ಸೊರಗಿ ಕೂತಿತು. ಉಳಿದದ್ದು ಹಣ್ಣಾಗುವ ಹೊತ್ತಿಗೆ ರೇಟೂ ಬಿದ್ದಿತ್ತು. ಈಗ ಟೊಮೆಟೊ ಆದ ಮೇಲೆ ರಾಗಿ ಇಲ್ಲವೇ ಮುಸುಕಿನ ಜೋಳ, ತಪ್ಪಿಸುವುದಿಲ್ಲ.

ಅಕ್ಕಾ, ನಿಮ್ಮ ಹಿತ್ತಲಿಗೆ ನನ್ನ ಲೆಕ್ಕ ಇದು. ಈಗ ಬೇಸಿಗೆ, ಟೊಮೆಟೊ ಯೋಚನೆ ಬೇಡ. ಏಪ್ರಿಲ್, ಮೇನಲ್ಲಿ ಕೆರೆ ಒಣಗಿದಾಗ ಕೆರೆ ಗೋಡು, ಅಂದರೆ ಹೂಳು, ತರಿಸಿ. ನಿಮ್ಮ ಮಣ್ಣಿನಲ್ಲಿ ಈಗ ಮರಳು ಜಾಸ್ತಿ, ನೀರು ಹಿಡಿಯುವುದಿಲ್ಲ. ಗೋಡು ಹಿಡಿಯುತ್ತದೆ. ಆದರೆ ಒಂದು ಇಂಚಿಗಿಂತ ದಪ್ಪ ಹರಡಬೇಡಿ, ಮತ್ತೆ ಕೆಸರಾಗುತ್ತದೆ. ಊರ ಚರಂಡಿ, ಫ್ಯಾಕ್ಟರಿ ನೀರು ಸೇರುವ ಕೆರೆಯದ್ದು ಬೇಡ. ಹಳ್ಳಿ ಕೆರೆಯದ್ದೇ ಆಗಬೇಕು.

ಅದರ ಮೇಲೆ ಕಳಿತ ಕೊಟ್ಟಿಗೆ ಗೊಬ್ಬರ, ಚದರಡಿಗೆ ಅರ್ಧ ಕಿಲೋ. ಮೊದಲ ಮಳೆಗೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಚೆಲ್ಲಿ. ನಿಮ್ಮ ಜಾಗಕ್ಕೆ 100 ಗ್ರಾಂ ಬೀಜ ಸಾಕು. 45 ದಿನಕ್ಕೆ ಹೂ ಬರುವ ಹೊತ್ತಿಗೆ ಕೊಯ್ದು ಕೊಚ್ಚಿ ಮಣ್ಣಿಗೆ ಸೇರಿಸಿ. ಬಿಟ್ಟರೆ ಕಾಂಡ ನಾರಾಗುತ್ತದೆ, ಕೊಳೆಯುವುದಿಲ್ಲ. ಮೂರು ವಾರ ಬಿಟ್ಟು ಸಸಿ.

ತಾರಸಿ ತೋಟ, ಬೆಂಗಳೂರು (ಮಾರ್ಚ್ 4)

ಅಂದರೆ ಟೊಮೆಟೊ ಆಗಸ್ಟ್‌ಗೆ! ನನ್ನ ಬ್ಯಾಗಿನಲ್ಲಿ ಅಷ್ಟೊತ್ತಿಗೆ ಒಂದು ಬೆಳೆ ಮುಗಿದಿರುತ್ತದೆ. 😀

ಹಿತ್ತಲಗಿಡ (ಮಾರ್ಚ್ 4)

ಆಡಿಕೊಳ್ಳಿ. ನಮ್ಮ ಮನೆಯಲ್ಲಿ ಆಗಲೇ ಅಭ್ಯಾಸ ಆಗಿದೆ.

ಹಿತ್ತಲಗಿಡ (ನವೆಂಬರ್ 16)

ಯಾರಾದರೂ ಇದ್ದೀರಾ? ಎಂಟು ತಿಂಗಳ ಕಥೆ ಹೇಳಬೇಕು.

ಜರಡಿ ಹಿಡಿದದ್ದು ಹಲ್ಲೆ ಎತ್ತಿಸಿದ್ದಕ್ಕಿಂತ ಕಷ್ಟ. ಮೇಸ್ತ್ರಿಗಳು ಮರಳು ಜಾಲಿಸುವ ಜರಡಿಯನ್ನು ಬಾಡಿಗೆಗೆ ತಂದು, ದಿನಾ ಬೆಳಿಗ್ಗೆ ಆರರಿಂದ ಏಳು, ಇಪ್ಪತ್ತು ದಿನ. ಸೊಂಟ ಬಿದ್ದುಹೋಯಿತು. ಮಗಳು ಬೂದು ಚೂರು ಆರಿಸಿದಳು, ಬಕೆಟ್ಟಿಗೆ ಹತ್ತು ರೂಪಾಯಿ ಲಂಚ.

ಕೆರೆ ಗೋಡು ಯಜಮಾನರ ಊರಿನದು, ಗುಬ್ಬಿ ಕಡೆ. ಮೇನಲ್ಲಿ ರೈತರು ಹೊಲಕ್ಕೆ ಹೊಡೆಸುತ್ತಿದ್ದರು. ಮಾವನ ಮನೆಯವರ ಲೆಕ್ಕದಲ್ಲಿ ಹದಿನೈದು ಚೀಲ ಸಿಕ್ಕಿತು. ಹೆಂಟೆ ಕಲ್ಲಿನ ಹಾಗೆ ಇದ್ದವು. ಒಡೆಯಲು ಹೋಗಿ ಕೈ ನೋಯಿಸಿಕೊಂಡೆ. ಅತ್ತೆ ಸುಮ್ನೆ ಬಿಡು, ಮಳೆ ಬರಲಿ ಅಂದರು. ಒಂದು ಮಳೆಗೆ ಬೆಣ್ಣೆ ಥರ ಕರಗಿದವು. ಗೊಬ್ಬರವೂ ಊರಿನ ತಿಪ್ಪೆಯದೇ, ಹಳೇದು. ಮೂಸಿ ನೋಡಿಯೇ ತಂದೆ ಅಣ್ಣಾ.

ಸೆಣಬು ಜೂನ್ 5ಕ್ಕೆ ಚೆಲ್ಲಿದೆ. ನಾಲ್ಕನೇ ದಿನಕ್ಕೇ ಮೊಳಕೆ. ಜುಲೈ ಮೂರನೇ ವಾರಕ್ಕೆ ನನ್ನ ಭುಜದೆತ್ತರ. ಹಳದಿ ಹೂ ಬಿಡಲು ಶುರುವಾಯಿತು. ಎಷ್ಟು ಚೆಂದ ಇತ್ತು ಅಂದರೆ ಕೊಯ್ಯಲು ಮನಸ್ಸೇ ಬರಲಿಲ್ಲ. ಎರಡು ಗಿಡ ಬಿಟ್ಟು ಉಳಿದದ್ದು ಕೊಚ್ಚಿ ಸೇರಿಸಿದೆ. ಒಂದು ಬುಡ ಕಿತ್ತು ನೋಡಿದೆ, ಬೇರಿನ ತುಂಬ ಸಾಸಿವೆಯಷ್ಟು ಗಂಟು. ರೋಗವೇನೋ ಅಂತ ಗಾಬರಿಯಾಗಿ ಚಿಂತಾಮಣಿ ಅಣ್ಣನಿಗೆ ಫೋಟೋ ಕಳಿಸಿದೆ. ಅದು ಗಾಳಿಯ ಸಾರಜನಕ ಹಿಡಿಯುವ ಗಂಟು, ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ ಇರಬೇಕು ಅಂದರು. ಇತ್ತು!

ಆಗಸ್ಟ್ 14ಕ್ಕೆ ಸಸಿ. ಈ ಸಲ ತಳಿ ಕೇಳಿಯೇ ತಂದೆ, ಐಐಎಚ್‌ಆರ್‌ನ ಅರ್ಕಾ ರಕ್ಷಕ್. ಎಲೆ ಮುರುಟು, ಬ್ಯಾಕ್ಟೀರಿಯಾ ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ ಅಂತ ಹೇಳಿದ್ದರು. ಏರುಮಡಿ ಮಾಡಿ, ಎರಡೂವರೆ ಅಡಿಗೊಂದು. ಕಾಂಡದ ಅರ್ಧ ಮಣ್ಣಿನೊಳಗೆ ಹೋಗುವ ಹಾಗೆ ನೆಟ್ಟೆ, ಆ ಕರಣಿಯಲ್ಲೇ. ಒಟ್ಟು 14. ಅದರಲ್ಲಿ ಎರಡನ್ನು ಬೇಕೆಂದೇ ಗೋಡೆ ಕಡೆಯ ತೋಡದ ಜಾಗದಲ್ಲಿ ಇಟ್ಟೆ. ಅಲ್ಲಿಗೂ ಅದೇ ಗೋಡು, ಅದೇ ಗೊಬ್ಬರ.

ಮೇಲೆ ಮುಚ್ಚಿಗೆ ಕಡಲೆಕಾಯಿ ಸಿಪ್ಪೆ. ಎಣ್ಣೆ ಗಾಣದವರ ಹತ್ತಿರ ಮೂರು ಚೀಲ ಸಿಕ್ಕಿತು. ಎರಡು ಇಂಚು ದಪ್ಪ. ದಿನಾ ನೀರು ಹಾಕುತ್ತಿದ್ದವಳು ಈಗ ಮಳೆ ಇಲ್ಲದಿದ್ದರೆ ಮೂರು ದಿನಕ್ಕೊಮ್ಮೆ. ಸಿಪ್ಪೆ ಸರಿಸಿ ಬೆರಳು ಇಟ್ಟರೆ ಮಣ್ಣು ತಂಪು. ಎರೆಹುಳ ಬಂದಿವೆ, ನಾನು ತಂದು ಬಿಟ್ಟದ್ದಲ್ಲ.

ಹೊಸ ಎಲೆ ಸೆಪ್ಟೆಂಬರ್‌ನಲ್ಲಿ ಸ್ವಲ್ಪ ಹಳದಿ ಆಯಿತು. ಮಂಡ್ಯದ ಸಾರ್ ಹೇಳಿದಂತೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಲೀಟರ್ ನೀರಿಗೆ 5 ಗ್ರಾಂ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಸಿರು ತಿರುಗಿತು.

ಈಗ ಲೆಕ್ಕ. ತೋಡಿದ ಜಾಗದ 12 ಗಿಡದಲ್ಲಿ ಇವತ್ತಿಗೆ 31 ಕಿಲೋ. ಇನ್ನೂ ಕಾಯಿ ಇದೆ. ಒಂದು ಹಣ್ಣು 80, 90 ಗ್ರಾಂ ತೂಗುತ್ತದೆ. ತಳ ಕಪ್ಪಾದದ್ದು ಐದೋ ಆರೋ, ಅದೂ ನಾವು ದೀಪಾವಳಿಗೆ ಊರಿಗೆ ಹೋಗಿ ನೀರು ತಪ್ಪಿದ ವಾರ. ಗೋಡೆ ಕಡೆಯ ಎರಡು ಗಿಡದಲ್ಲಿ ಸೇರಿ ಮುಕ್ಕಾಲು ಕಿಲೋ. ಎಲೆ ಅದೇ ಹಳೇ ಸ್ಕೆಚ್ ಪೆನ್ನು. ಮೇಲೆ ಹಾಕಿದ್ದೆಲ್ಲ ಒಂದೇ, ಕೆಳಗಿನ ಹಲ್ಲೆ ಮಾತ್ರ ಬೇರೆ. ಯಜಮಾನರನ್ನು ಕರೆದು ಎರಡೂ ತೋರಿಸಿದೆ. ಆಳಿನ ದುಡ್ಡು ಎಷ್ಟು ಅಂತ ಆಗ ಹೇಳಿದೆ.

ಚಿಂತಾಮಣಿ ಹೊಲ (ನವೆಂಬರ್ 16)

12 ಗಿಡಕ್ಕೆ 31 ಕಿಲೋ ಅಂದರೆ ಮೊದಲ ವರ್ಷಕ್ಕೆ ಜೋರಾಯಿತು ಅಕ್ಕಾ. ಈ ತಳಿಯಲ್ಲಿ ಒಬ್ಬ ರೈತರ ಹೊಲದಲ್ಲಿ ಗಿಡಕ್ಕೆ 19 ಕಿಲೋ ಬಂತು ಅಂತ ಸುದ್ದಿಯಾಗಿತ್ತು. ಅದನ್ನು ಓದಿ ಬೇಜಾರು ಮಾಡಿಕೊಳ್ಳಬೇಡಿ. ಹಣ್ಣಿನ ಬೀಜ ಎತ್ತಿಡಬೇಡಿ, ಹೈಬ್ರಿಡ್ ಅದು. ಮುಂದಿನ ಸಲ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ.

ಮಣ್ಣು ಮಾದರಿ, ಮಂಡ್ಯ (ನವೆಂಬರ್ 17)

ಆ ಎರಡು ಗಿಡ ಬೇಕೆಂದೇ ನೆಟ್ಟಿರಲ್ಲ, ಅದು ನನಗೆ ಬಹಳ ಹಿಡಿಸಿತು. ನಮ್ಮ ಪ್ರಾತ್ಯಕ್ಷಿಕೆಗಳಲ್ಲಿ ಎಷ್ಟೋ ಸಲ ಇಂಥ ಹೋಲಿಕೆ ಇರುತ್ತಿರಲಿಲ್ಲ. ಬೆಳೆ ಮುಗಿದ ಮೇಲೆ ಮತ್ತೊಂದು ಮಾದರಿ ಕೊಟ್ಟು ಪಿಎಚ್ ಎಷ್ಟು ಬಂತು ಬರೆಯಿರಿ.

ಹಿತ್ತಲಗಿಡ (ನವೆಂಬರ್ 17)

ಕೊಡ್ತೀನಿ ಸಾರ್. ಒಂದು ಕೊನೇ ಪ್ರಶ್ನೆ. ಟೊಮೆಟೊ ಕಿತ್ತ ಮೇಲೆ ಅದೇ ಮಡಿಗೆ ಬದನೆ ಹಾಕು ಅಂತ ಅತ್ತೆ ಹೇಳುತ್ತಿದ್ದಾರೆ. ವಾಂಗಿಭಾತ್ ಆಸೆ ಅವರಿಗೆ.

ಚಿಂತಾಮಣಿ ಹೊಲ (ನವೆಂಬರ್ 17)

ಅಮ್ಮನವರಿಗೆ ನಮಸ್ಕಾರ ಹೇಳಿ. ಬದನೆ ಟೊಮೆಟೊದ ದಾಯಾದಿ, ಅದೇ ಮಡಿಗೆ ಬೇಡ. ಈಗ ಹುರುಳಿಕಾಯಿ ಹಾಕಿ. ಬದನೆ ಆಸೆ ಇದ್ದರೆ ತಾರಸಿ ತೋಟದವರ ಹತ್ತಿರ ಎರಡು ಬ್ಯಾಗ್ ಕೇಳಿ.

ತಾರಸಿ ತೋಟ, ಬೆಂಗಳೂರು (ನವೆಂಬರ್ 17)

ಕಳಿಸಿಕೊಡ್ತೀನಿ. ಯಜಮಾನರಿಗೆ ಹೇಳುವುದಿಲ್ಲ.